ಕುಬಸಕ್ಕೆ ಕರೆಯಲು ಹೋದದ್ದು

ನನಗೆ ಸಿಟ್ಟು ಬಂದರೆ ಮಾತು ಬರುವುದಿಲ್ಲ, ಕಣ್ಣೀರು ಬರುತ್ತದೆ. ನೋಡಿದವರು ಮೆತ್ತಗಿನ ಹೆಂಗಸು ಎಂದುಕೊಳ್ಳುತ್ತಾರೆ. ನನ್ನ ಗಂಡ ಮನೋಹರ್ ಕೂಡ ನಾಲ್ಕು ವರ್ಷ ಹಾಗೆಯೇ ಅಂದುಕೊಂಡಿದ್ದರು. ಕಂಪ್ಲಿಯಿಂದ ಮದುವೆಯಾಗಿ ಹೊಸಪೇಟೆಯ ಚಿತ್ತವಾಡ್ಗಿಗೆ ಬಂದ ನಾನು ಆ ನಾಲ್ಕು ವರ್ಷದಲ್ಲಿ ಓಣಿಯ ಒಬ್ಬ ಹೆಂಗಸಿನ ಜೊತೆಗೂ ಕೂತು ಮಾತಾಡಿರಲಿಲ್ಲ. ಹುಟ್ಟಾ ನಾಚಿಕೆಯವಳು ಎಂಬುದು ಅರ್ಧ ಕಾರಣ. ಇನ್ನರ್ಧ ಕಾರಣ ಮನೆಯ ಮುಂದೆ ನಿಲ್ಲುತ್ತಿದ್ದ ನಮ್ಮ ಮೂರು ಟಿಪ್ಪರ್‌ಗಳು.

ಸಂಡೂರಿನ ಮಣ್ಣಿಗೆ ಚೀನಾದಲ್ಲಿ ಬೆಲೆ ಬಂದ ವರ್ಷಗಳವು. ಅಪ್ಪನ ಕಾಲದ ಅಕ್ಕಿ ಗಿರಣಿ ಮಾರಿ ಟಿಪ್ಪರ್ ಕೊಂಡವರಲ್ಲಿ ನಮ್ಮವರೂ ಒಬ್ಬರು. ಆ ಕಬ್ಬಿಣದ ಅದಿರನ್ನು ರೈಲ್ವೆ ಯಾರ್ಡಿಗೆ ಸುರಿದ ಮೇಲೆ ಗಾಡಿಗಳು ಸೀದಾ ನಮ್ಮ ಓಣಿಗೆ ಬಂದು ನಿಲ್ಲುತ್ತಿದ್ದವು. ಒಣಗಲು ಹಾಕಿದ ಬಟ್ಟೆ, ಹೊಸಿಲು, ಮಕ್ಕಳ ಮೂಗು, ಎಲ್ಲ ಕೆಂಪು. ಅದೂ ಸಾಲದೆಂದು ಡ್ರೈವರುಗಳು ಬೀದಿ ನಲ್ಲಿಗೆ ಪೈಪು ಸಿಕ್ಕಿಸಿ ಗಾಡಿ ತೊಳೆಯುತ್ತಿದ್ದರು. ಮೂರು ದಿನಕ್ಕೊಮ್ಮೆ ಬರುವ ನೀರು ಅದು. ಕೊಡ ಹಿಡಿದು ನಿಂತ ಹೆಂಗಸರು ನಮ್ಮ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಪರದೆಯ ಹಿಂದೆ ನಿಂತಿರುತ್ತಿದ್ದೆ.

ಗಣಿ ಧಣಿಗಳ ಪಾರ್ಟಿಯೊಂದರಲ್ಲಿ ನಾನು ಯಾರೊಂದಿಗೂ ಮಾತಾಡಲಿಲ್ಲವೆಂದು ನಮ್ಮವರಿಗೆ ಅವಮಾನವಾಯಿತಂತೆ. ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸಿಗೆ ಸೇರಿಸಿದರು. ಟೈ ಕಟ್ಟಿದ ಸರ್ ಒಬ್ಬರು ಕನ್ನಡಿಯ ಮುಂದೆ ನಗುವುದನ್ನು ಕಲಿಸಿದರು. ಎದುರಿನವರ ಕಣ್ಣು ನೋಡಿ, ಹೆಸರು ಹಿಡಿದು ಮಾತಾಡಿ ಎಂದರು. ಪಕ್ಕದ ಮನೆಯವಳ ಹೆಸರೇ ಗೊತ್ತಿಲ್ಲದ ನಾನು ಎರಡು ತಿಂಗಳು ಕನ್ನಡಿಗೆ ನಕ್ಕು ನಕ್ಕು ಮನೆಗೆ ಬಂದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಆಗ ನಾನು ಬಸುರಿ, ಏಳನೇ ತಿಂಗಳು. ಹಿಂದಿನ ವರ್ಷ ಒಂದು ಕೂಸು ಐದನೇ ತಿಂಗಳಿಗೇ ಹೋಗಿತ್ತು. ಆ ದಿನ ನಮ್ಮವರು ಸಂಡೂರಿನಲ್ಲಿದ್ದರು, ಫೋನ್ ಹತ್ತಲಿಲ್ಲ. ಅಡುಗೆಮನೆಯ ನೆಲದ ಮೇಲೆ ಅರ್ಧ ದಿನ ಬಿದ್ದಿದ್ದೆ. ಗೋಡೆಯಾಚೆ ಹೆಂಗಸರು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಹರಟುತ್ತಿದ್ದದ್ದು ಕೇಳಿಸುತ್ತಿತ್ತು. ಕೂಗಲು ಧೈರ್ಯ ಬರಲಿಲ್ಲ. ನನಗೆ ತಾಯಿಯೂ ಇಲ್ಲ, ಅತ್ತೆಯೂ ಇಲ್ಲ, ಹೆರಿಗೆಗೆ ಹೋಗಲು ತವರೂ ಇಲ್ಲ. ಈ ಸಲ ನನಗೆ ಬೇಕಾಗಿದ್ದದ್ದು ಇಷ್ಟೇ: ಕೂಗಿದರೆ ಓಡಿ ಬರುವ ಒಬ್ಬ ಹೆಂಗಸು.

ಅದಕ್ಕೇ ಕುಬಸ ಮಾಡೋಣ, ಓಣಿಯವರನ್ನು ಕರೆಯೋಣ ಎಂದೆ. ನಮ್ಮ ಕಡೆ ಏಳನೇ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ ಐದು ಮಂದಿ ಮುತ್ತೈದೆಯರು ಉಡಿ ತುಂಬುತ್ತಾರೆ. ಅದಕ್ಕೆ ಮನೆಯ ಹಿರಿಯ ಹೆಂಗಸು ಮನೆಮನೆಗೂ ಹೋಗಿ, ಹೊಸಿಲಲ್ಲಿ ನಿಂತು, ಅರಿಷಿಣ ಕುಂಕುಮ ಹಚ್ಚಿ, ಬಾಯಿ ಬಿಟ್ಟು ಕರೆಯಬೇಕು. ಹಾಗೆ ಕರೆಯದಿದ್ದರೆ ಬೆನ್ನಿಗೆ ಬಿದ್ದ ತಂಗಿಯೂ ಬರುವುದಿಲ್ಲ.

“ಮನಿ ಮನಿ ಯಾರ್ ತಿರುಗ್ತಾರ? ಕಾರ್ಡ್ ಹೊಡಸ್ತೀನಿ ಬಿಡು,” ಎಂದರು ನಮ್ಮವರು.

ಬಂಗಾರದ ಅಕ್ಷರದ ಕಾರ್ಡು, ಅದರ ಜೊತೆ ಒಂದೊಂದು ಸ್ವೀಟ್ ಬಾಕ್ಸ್. ಹಂಚಲು ಹೋದವನು ನಮ್ಮ ಡ್ರೈವರ್ ಮಾರುತೇಶ್. ಟಿಪ್ಪರಿನಿಂದ ಇಳಿಯದೆ, ಮನೆ ಮನೆಯ ಮುಂದೆ ಹಾರನ್ ಹೊಡೆದು, ಹೊರಗೆ ಬಂದವರ ಕೈಗೆ ಮೇಲಿನಿಂದಲೇ ಕೊಟ್ಟು ಬಂದ.

ಕುಬಸದ ದಿನ ಶಾಮಿಯಾನ ಹಾಕಿಸಿದ್ದರು. ನೂರು ಕುರ್ಚಿ, ಮೂರು ಬಗೆಯ ಸಿಹಿ. ಮಧ್ಯಾಹ್ನ ಹನ್ನೆರಡಾದರೂ ಒಬ್ಬರೂ ಬರಲಿಲ್ಲ. ಬಾಗಿಲಿಗೆ ಹೋಗಿ ನೋಡಿದರೆ ಸ್ವೀಟ್ ಬಾಕ್ಸುಗಳು ನಮ್ಮ ಕಟ್ಟೆಯ ಮೇಲೆ ಒಂದರ ಮೇಲೊಂದು ಕೂತಿದ್ದವು, ಬಿಚ್ಚದೆ.

“ಹೊಟ್ಟಿಕಿಚ್ಚು ಅವ್ರಿಗೆ,” ಎಂದರು ನಮ್ಮವರು, ಎಲೆಯ ಮುಂದೆ ಒಬ್ಬರೇ ಕೂತು ಹೋಳಿಗೆ ತಿನ್ನುತ್ತ. “ಬರದಿದ್ರ ಬಿಡು. ಹೋಟೆಲ್‌ನ್ಯಾಗ ಮಸ್ತ್ ಪಾರ್ಟಿ ಮಾಡೋಣ.” ಕೈ ತೊಳೆದು ಯಾರ್ಡಿಗೆ ಹೋದರು.

ಹಸಿರು ಸೀರೆ ಉಟ್ಟು ನೂರು ಖಾಲಿ ಕುರ್ಚಿಗಳ ನಡುವೆ ನಿಂತೆ. ಕಣ್ಣೀರು ಬರುತ್ತದೆಂದು ಕಾದೆ. ಬರಲಿಲ್ಲ. ಹೊಟ್ಟೆಯಲ್ಲಿ ಕೂಸು ಒದೆಯಿತು. ಆ ಹೋಳಿಗೆ ತಿಂದ ಬಾಯಿ, ಆ ಹಾರನ್, ಪರದೆಯ ಹಿಂದೆ ನಿಂತ ನಾನು, ಎಲ್ಲದರ ಮೇಲೂ ಒಟ್ಟಿಗೇ ಸಿಟ್ಟು ಬಂತು. ಕುಂಕುಮದ ಬಟ್ಟಲು ತೆಗೆದುಕೊಂಡು ಹೊರಗೆ ಕಾಲಿಟ್ಟೆ.

ಪಕ್ಕದ ಮನೆಯವಳು ಮನೆ ಮುಂದೆಯೇ ಬಾಣಲೆ ಇಟ್ಟು ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ ಮಾರುವವಳು. ತಲೆ ಎತ್ತಿ ನೋಡಿ ಮತ್ತೆ ಎಣ್ಣೆಗೆ ಜಾರಾ ಸೌಟು ಹಾಕಿದಳು.

“ನಿಮ್ಮ ಹೆಸರು ನನಗ ಗೊತ್ತಿಲ್ರಿ,” ಎಂದೆ.

“ನಾಕು ವರ್ಷಕ್ಕ ಕೇಳಾಕ ಬಂದ್ಯಲ್ಲ. ಜಂಬಕ್ಕ.”

“ಜಂಬಕ್ಕ, ನನ್ನ ಕುಬಸ ಐತ್ರಿ. ಉಡಿ ತುಂಬಾಕ ಬರ್ರಿ.”

“ತನ್ನ ಕುಬಸಕ್ಕ ತಾನ ಕರಿಯಾಕ ಬಂದ ಬಸುರಿನ್ನ ನಾನೆಲ್ಲೂ ನೋಡಿಲ್ಲ.”

“ಕರಿಯಾಕ ನನಗ ಯಾರೂ ಇಲ್ರಿ.”

ಅವಳೇನೂ ಕರಗಲಿಲ್ಲ. ಮಿರ್ಚಿಯ ತಟ್ಟೆಗೆ ಮುಚ್ಚಿದ ಬಟ್ಟೆ ಎತ್ತಿ ಕೊಡವಿದಳು, ಕೆಂಪು ಧೂಳು ನನ್ನ ಸೀರೆಯ ಮೇಲೆ ಬಿತ್ತು. “ನೋಡು, ಇದನ್ನ ಯಾರ್ ತಿಂತಾರ? ಅದ್ರ ಮ್ಯಾಲೆ ನಾಯಿ ಕರದಂಗ ಹಾರನ್ ಹೊಡದು ಕರೀತೀರಿ. ನಾವು ಬರಬೇಕು?”

“ನೀವ್ ಹೇಳಾದು ಖರೇ ಐತ್ರಿ. ನನಗೂ ಸಿಟ್ಟೈತಿ.” ನನ್ನ ದನಿ ನನಗೇ ಗುರುತು ಸಿಗಲಿಲ್ಲ. “ಹ್ವಾದ ವರ್ಷ ನನ್ನ ಹೊಟ್ಯಾಗಿನ ಕೂಸು ಹೋತು. ನೀವು ಈ ಗ್ವಾಡಿ ಆ ಕಡಿ ಕುಂತು ನಗಾಕ ಹತ್ತಿದ್ರಿ. ನಾನು ಈ ಕಡಿ ಬಿದ್ದಿದ್ದೆ.”

ಜಾರಾ ನಿಂತಿತು. ಎಣ್ಣೆಯಲ್ಲಿದ್ದ ಮಿರ್ಚಿ ಕಪ್ಪಾಗುತ್ತಿದ್ದರೂ ಅವಳು ತೆಗೆಯಲಿಲ್ಲ. “ಕೂಗಬೇಕಿಲ್ಲೇನಲೇ, ಹುಚ್ಚಿ,” ಎಂದಳು. ಆ ಮಾತಿನಲ್ಲಿದ್ದದ್ದೂ ಸಿಟ್ಟೇ. “ಗಾಡಿ ಮ್ಯಾಲಿನ ಸಿಟ್ಟಿಗೆ ಒಂದು ಜೀವ ಬಿಟ್ಟುಬಿಡ್ತಿದ್ವೇನು? ನಮ್ಮನ್ನ ಏನಂತ ತಿಳಕೊಂಡಿ?”

“ಏನಂತ ತಿಳಕೊಳ್ಳಾಕ ನಾನು ಹೊರಗ ಬಂದಿದ್ರ ತಾನೆ,” ಎಂದೆ.

ಅವಳು ಒಲೆ ಆರಿಸಿದಳು. ಹಣೆ ಮುಂದೆ ಮಾಡಿದಳು. ನಾನು ಹಚ್ಚಿದ ಕುಂಕುಮ ಅರ್ಧ ಅವಳ ಹುಬ್ಬಿಗೆ ಹತ್ತಿತು.

ಹನ್ನೊಂದು ಮನೆಗೆ ಹೋದೆ. ಎರಡು ಮನೆಯವರು ಬಾಗಿಲು ಹಾಕಿಕೊಂಡರು, ಅವರನ್ನು ತಪ್ಪೆನ್ನಲಾರೆ. ಭಾಗ್ಯ ಎಂಬ ಹುಡುಗಿ ತನ್ನ ಮಗುವಿನ ಕೆಮ್ಮಿನ ಔಷಧಿ ಬಾಟಲಿ ತಂದು ನನ್ನ ಮುಖಕ್ಕೆ ಹಿಡಿದು ಬೈದಳು. ನಿಂತು ಪೂರಾ ಬೈಸಿಕೊಂಡೆ. ಬೈದು ಮುಗಿದ ಮೇಲೆ, “ಎಷ್ಟೊತ್ತಿಗೆ ಬರಬೇಕು?” ಎಂದು ಕೇಳಿದಳು.

ಕೊನೆಯ ಮನೆಯ ಭರಮಮ್ಮ ಓಣಿಗೆಲ್ಲ ಹಿರಿಯಳು. ಅವಳ ಲೆಕ್ಕ ಬೇರೆ ಇತ್ತು. “ಉಡಿ ತುಂಬತೀವಿ. ಆದ್ರ ನಿಮ್ಮನಿ ಹೊಸಿಲು ತುಳಿಯಂಗಿಲ್ಲ ಅಂತ ಓಣ್ಯಾಗ ಮಾತಾಗೇತಿ. ಗಾಡಿ ತಂದ ನಿನ್ನ ಗಂಡ ಬಂದು ಬಾಯಿ ಬಿಟ್ಟು ಕರೀಲಿ, ಆವಾಗ ಒಳಗ ಬಂದು ಉಣ್ತೀವಿ.”

“ಹಂಗಾದ್ರ ನಾನ ಓಣ್ಯಾಗ ಕುಂದ್ರತೀನ್ರಿ,” ಎಂದೆ.

ನಲ್ಲಿಯ ಹತ್ತಿರ ಜಮಖಾನ ಹಾಸಿದರು. ಓಣಿಯ ಅಗಲ ಅಷ್ಟೇ, ಜಮಖಾನ ಹಾಸಿದ ಮೇಲೆ ಸೈಕಲ್ಲಿಗೂ ದಾರಿಯಿಲ್ಲ. ಭರಮಮ್ಮ ಸೋಬಾನೆ ಹೇಳಿದಳು, ನಡುವೆ ಸಾಲು ಮರೆತಾಗ ಜಂಬಕ್ಕ ಎತ್ತಿಕೊಂಡಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಎಲೆ ಅಡಿಕೆ ಸೆರಗಿಗೆ ಬಿದ್ದವು. ಜಂಬಕ್ಕ ಅಕ್ಕಿ ಹಾಕುವಾಗ ಕಿವಿಯ ಹತ್ತಿರ ಬಾಗಿ, “ಇನ್ ಮ್ಯಾಲೆ ಗ್ವಾಡಿ ಬಡಿ. ಯಾವಾಗರ ಆಗಲಿ, ಬರ್ತೀನಿ,” ಎಂದಳು. ಆಗ ಮಾತ್ರ ನನಗೆ ಅಳು ಬಂತು. ಅದು ಸಿಟ್ಟಿನದಲ್ಲ.

ಆರತಿ ತಟ್ಟೆ ಇನ್ನೂ ಬಂದಿರಲಿಲ್ಲ. ಓಣಿಯ ಬಾಯಲ್ಲಿ ಟಿಪ್ಪರ್ ಬಂದು ನಿಂತು ಹಾರನ್ ಹೊಡೆಯಿತು. ಮಾರುತೇಶನ ಪಕ್ಕದಿಂದ ನಮ್ಮವರು ಇಳಿದು ಬಂದರು.

“ಶಾಂಭವಿ, ಏನಿದು ಬೀದ್ಯಾಗ? ಎದ್ದೇಳು ಮೊದ್ಲು. ಗಾಡಿ ಬರಬೇಕು.”

ಹೆಂಗಸರೆಲ್ಲ ನನ್ನ ಮುಖ ನೋಡಿದರು. ಭರಮಮ್ಮ ಸಣ್ಣಗೆ, “ನೀ ಎದ್ದಿ ಅಂದ್ರ ನಾವೂ ಎದ್ದು ಹೋಗ್ತೀವಿ,” ಎಂದಳು. ಅವಳು ಹೆದರಿಸಲು ಹೇಳಿದ್ದಲ್ಲ. ನಾನು ಏಳುತ್ತೇನೆಂದೇ ಅವಳಿಗೆ ಅನ್ನಿಸಿತ್ತು.

“ಉಡಿ ತುಂಬೇತ್ರಿ. ಆರತಿ ಆಗೂತನ ಏಳಂಗಿಲ್ಲ,” ಎಂದೆ. “ಆದ ಮ್ಯಾಲೂ ಗಾಡಿಗೆ ಇಲ್ಲಿ ಜಾಗ ಇಲ್ರಿ. ನಾಳೇನೂ ಇಲ್ಲ. ಹಿಂದಕ್ಕ ತಗೊಂಡು ಹೋಗಾಕ ಹೇಳ್ರಿ ಅವಂಗ.”

“ತಲಿ ಕೆಟ್ಟೈತೇನು ನಿನಗ? ಮಂದಿ ಮುಂದ ಹಿಂಗ ಮಾತಾಡ್ತಿ.”

“ಮಂದಿ ಮುಂದ ಮಾತಾಡೋದು ಕಲಿ ಅಂತ ನೀವ ಹೇಳಿದ್ರಲ್ರಿ.”

ಯಾರೋ ಕಿಸಕ್ಕೆಂದರು. ಮಾರುತೇಶ ಧಣಿಯ ಮುಖ ನೋಡಿದ, ನನ್ನ ಮುಖ ನೋಡಿದ, ಒಂಬತ್ತು ಮಂದಿ ಹೆಂಗಸರನ್ನು ನೋಡಿದ. ಯಾರೂ ಹೇಳುವ ಮೊದಲೇ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು ಹೋದ.

“ಇವ್ರು ಉಂಡಿಲ್ರಿ,” ಎಂದೆ ನಮ್ಮವರಿಗೆ. “ಒಳಗ ಅಡಿಗಿ ತಣ್ಣಗ ಆಗೇತಿ. ನೀವು ಕರದ್ರ ಬರ್ತಾರಂತ. ಚಪ್ಪಲಿ ಬಿಟ್ಟು ಇಲ್ಲಿ ಬಂದು ಕರೀರಿ.”

ಚಪ್ಪಲಿ ಬಿಟ್ಟರು. ಜಮಖಾನದ ಅಂಚಿಗೆ ಬಂದು ನಿಂತರು. ಗಣಿ ಧಣಿಗಳ ನಡುವೆ ಬಾಯಿ ಮುಚ್ಚದ ಮನುಷ್ಯ ಜಂಬಕ್ಕನ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು. ಏನೂ ಬರಲಿಲ್ಲ. ಮತ್ತೆ ಸರಿಮಾಡಿಕೊಂಡು ನನ್ನನ್ನು ನೋಡಿದರು, ಹೇಳಿಕೊಡು ಎನ್ನುವಂತೆ.

ನಾನು ಹೇಳಿಕೊಡಲಿಲ್ಲ. ಎಲ್ಲರ ಜೊತೆ ಕೂತು ಕಾದೆ.