ಹೊತ್ತು ಮುಳುಗುವ ಮುಂಚಿನ ಪಂಕ್ತಿ

ಪಕ್ಕದ ಹಳ್ಳಿಯಲ್ಲಿ ಹುಚ್ಚುನಾಯಿಯೊಂದು ಒಂದೇ ಮನೆಯ ಮೂವರನ್ನು ಕಚ್ಚಿತ್ತು. ಅವರು ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಾರೆಂದು ಕೇಳಿ ನಮ್ಮ ಬೋರಗಾಂವ ಊರಿಗೆ ಊರೇ ಹೊಟ್ಟೆ ಮುಟ್ಟಿ ನೋಡಿಕೊಂಡಿತು. ರೋಗ ಇಲ್ಲಿಗೆ ಬರುವ ಮೊದಲೇ ನಮ್ಮೂರ ನಾಯಿಗಳಿಗೆ ಲಸಿಕೆ ಹಾಕಲು ದನದ ಡಾಕ್ಟರು ಬೆಳಿಗ್ಗೆಯೇ ಶಾಲೆಯ ಬಯಲಿಗೆ ಬಂದರು. ಲಸಿಕೆ ಐಸ್ ಡಬ್ಬಿಯಲ್ಲಿತ್ತು. ಐಸ್ ಸಂಜೆಯವರೆಗೆ ಮಾತ್ರ.

ಪಂಚಾಯಿತಿ ಚೇರಮನ್ ತಾತ್ಯಾಸಾಹೇಬರು ಡಂಗುರ ಸಾರಿಸಿದ್ದರು: ಲಸಿಕೆಯಾದ ನಾಯಿಯ ಕೊರಳಿಗೆ ಮಗ್ಗದ ಕೆಂಪು ನೂಲು, ನೂಲಿಲ್ಲದ್ದಕ್ಕೆ ನಾಳೆ ವಿಷ ಬೆರೆಸಿದ ರೊಟ್ಟಿಯ ತುಂಡು.

ನನಗೆ ಒಂದೇ ಚಿಂತೆ. ನಮ್ಮ ಓಣಿಯ ನಾಯಿ ಕರಿಯ ಹೊಸಬರ ನೆರಳು ಕಂಡರೂ ಓಡುತ್ತಾನೆ.

ಕಂಪೌಂಡರ್ ಹಾಲಸಿದ್ದ ಬಲೆ ಹಿಡಿದು ಊರೆಲ್ಲ ಓಡಿದ. ನಾಯಿಗಳು ಕಬ್ಬಿನೊಳಗೆ ನುಗ್ಗಿದವು. ನಾನು, ನನ್ನ ಅಜ್ಜಿ ತಾರಾಬಾಯಿ ಮೂರು ಗಂಟೆಗೆ ಹಿಟ್ಟಿನ ಗಿರಣಿಯಿಂದ ಶಾಲೆಯ ಬಯಲು ಹಾದು ಬರುವಾಗ ನೂಲು ಕಟ್ಟಿಸಿಕೊಂಡಿದ್ದವು ನಾಲ್ಕೇ. ಡಾಕ್ಟರು ಡಬ್ಬಿ ಮುಚ್ಚುತ್ತಿದ್ದರು.

ನಾನು ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದೆ.

"ನನಗ್ಯಾಕ ಹೇಳ್ತೀ ಸುಗಂಧಾ? ಡಾಕ್ಟರ್ ಕಿವಿ ಅಲ್ಲೈತಿ ನೋಡು," ಎಂದು ಅಜ್ಜಿ ಮುಂದಕ್ಕೆ ನೂಕಿದಳು.

ಏಳನೆಯ ತರಗತಿಗೆ ಶಾಲೆ ಬಿಟ್ಟ ಮೇಲೆ ಆ ಬಯಲಲ್ಲಿ ನಾನು ಬಾಯಿ ಬಿಟ್ಟದ್ದು ಅಂದೇ. "ಐದೂವರಿಗೆ ಜೈನರ ಓಣಿಗೆ ಬರ್ರಿ ಸಾಹೇಬ್ರ. ನಾಯಿ ತಾವ ಬರ್ತಾವ. ಹೊತ್ತ ಮುಳುಗೂದ್ರಾಗ ನಮ್ಮ ಊಟ ಮುಗದಿರ್ತೈತ್ರಿ. ಉಳದ ರೊಟ್ಟಿ ಎಲ್ಲಾ ಬಾಗಲದಾಗೂ ಒಮ್ಮೆ ಹೊರಗ ಬರ್ತೈತಿ."

ಡಾಕ್ಟರು ಒಪ್ಪಿದರು. ಅಲ್ಲೇ ನಿಂತಿದ್ದ ತಾತ್ಯಾಸಾಹೇಬರು ನಕ್ಕರು. "ನಮ್ಮ ಟೈಗರನ್ನ ಬಿಡ್ರಿ. ಅಂವ ಅಂಗಳಾ ದಾಟಾಂವಲ್ಲ. ಅವಗ್ಯಾಕ ಸೂಜಿ?"

ನನಗೆ ಗೊತ್ತಿದ್ದುದನ್ನು ಹೇಳದೆ ಹಿಟ್ಟಿನ ಡಬ್ಬಿ ನೋಡುತ್ತ ನಿಂತೆ.

ಐದೂವರೆಗೆ ಬಾಗಿಲು ಬಾಗಿಲಿಗೂ ನಾಯಿ. ಆಯಾ ಮನೆಯ ಹೆಣ್ಣುಮಕ್ಕಳು ರೊಟ್ಟಿ ಹಾಕಿ ಕೊರಳು ಹಿಡಿದರು, ಡಾಕ್ಟರು ಹಿಂದಿನಿಂದ ಚುಚ್ಚಿದರು, ಹಾಲಸಿದ್ದ ನೂಲು ಕಟ್ಟಿದ. ಕರಿಯ ಕುಂಯ್ ಎಂದು ನನ್ನ ಸೀರೆಯೊಳಗೆ ಮೂತಿ ತೂರಿಸಿದ.

"ಸುಮ್ನಿರೋ ಹೇಡಿ, ಹದಿನಾಲ್ಕಲ್ಲ, ಒಂದ," ಎಂದು ಅಜ್ಜಿ ಬೈದಳು. ಕರಿಯನ ಕೊರಳಿಗೆ ಕೆಂಪು ನೂಲು ಬಿತ್ತು.

ಆಗ ಓಣಿಯ ತುದಿಯಿಂದ ದೊಡ್ಡ ಕಂದು ನಾಯಿಯೊಂದು ಓಡಿ ಬಂದು, ಕರಿಯನನ್ನು ಪಕ್ಕಕ್ಕೆ ತಳ್ಳಿ, ನಮ್ಮ ಬಾಗಿಲಲ್ಲಿ ಬಾಲ ಬಡಿಯುತ್ತ ಕೂತಿತು. ಕೊರಳಲ್ಲಿ ಚರ್ಮದ ಪಟ್ಟಿ ಇತ್ತು, ನೂಲಿರಲಿಲ್ಲ.

ಡಾಕ್ಟರ ಜೊತೆ ಬಂದಿದ್ದ ತಾತ್ಯಾಸಾಹೇಬರ ಮುಖ ಸಣ್ಣದಾಯಿತು. "ಇಂವ ದಿನಾ ಬರ್ತಾನೇನವಾ?"

"ಹೌದ್ರಿ," ಎಂದೆ. "ಎಲ್ಲಾರಕಿಂತ ಮೊದಲ. ಇವತ್ತ ತಡಾ ಮಾಡ್ಯಾನ್ರಿ."

ಓಣಿಯೆಲ್ಲ ನಕ್ಕಿತು. ಚೇರಮನ್ನರು ಧೋತರ ಎತ್ತಿ ಕಟ್ಟಿ ತಾವೇ ಟೈಗರನ್ನು ಅವುಚಿ ಹಿಡಿದರು.

"ಅಲ್ಲೋ ತಾತ್ಯಾ," ಅಜ್ಜಿ ಇನ್ನೊಂದು ರೊಟ್ಟಿ ಹಾಕುತ್ತ ಕೇಳಿದಳು, "ಕಬ್ಬಿನ್ಯಾಗ ಇನ್ನೂ ಒಂದೆರಡ ಉಳದಿರಬೇಕು. ಆ ವಿಷದ್ದ ಏನ್ ಮಾಡ್ತೀ?"

"ತೆಗ್ಗ ತೋಡಿ ಹುಗಸ್ತೇನ್ರಿ ಆಯಿ. ಇಂವ ಇನ್ನೂ ಎಲ್ಲೆಲ್ಲಿ ಬಾಯಿ ಹಾಕ್ತಾನೋ ಯಾರಿಗ್ಗೊತ್ತು! ಡಾಕ್ಟರ್, ಬರೂ ವಾರ ಮತ್ತ ಐಸ್ ತುಂಬ್ಕೊಂಡ ಬರ್ರಿ. ಐದೂವರಿಗೇ."