ಎಡಗಾಲಿಗೆ ಕೆಲಸವಿಲ್ಲದ ಕಾರು

ನಾನು ಒಂದು ಕಾರು. ಗೇರನ್ನು ನಾನೇ ಬದಲಿಸಿಕೊಳ್ಳುವ ಜಾತಿಯವಳು. ಕಾರ್ಖಾನೆಯಲ್ಲಿ ನನಗೆ ಎರಡೇ ಪೆಡಲ್ ಕೊಟ್ಟರು, ಕ್ಲಚ್ ಇಲ್ಲ. ಪಕ್ಕದಲ್ಲಿ ನಿಂತಿದ್ದ ಮೂರು ಪೆಡಲಿನವರು ನನ್ನನ್ನು ಸೋಮಾರಿ ಅಂದರು. ಅನ್ನಲಿ ಬಿಡಿ. ಕೆಲಸ ಕಡಿಮೆಯಾದದ್ದು ಓಡಿಸುವವರಿಗೆ, ನನಗಲ್ಲ.

ಮೊದಲ ಯಜಮಾನರು ಧಾರವಾಡದ ನಿವೃತ್ತ ನ್ಯಾಯಾಧೀಶರು. ಭಾನುವಾರ ಮಾತ್ರ ಹೊರಗೆ ತೆಗೆಯುತ್ತಿದ್ದರು. ಉಳಿದ ದಿನ ಹೊದಿಕೆಯೊಳಗೆ ಬೇಯುತ್ತಿದ್ದೆ. ಅವರ ಕಣ್ಣು ಮಂಜಾದ ಮೇಲೆ ಕಸ್ತೂರೆವ್ವನ ಕೈಗೆ ಬಂದೆ.

ಕಸ್ತೂರೆವ್ವ ಖಾನಾವಳಿ ನಡೆಸುತ್ತಾಳೆ. ಚಿಕ್ಕಂದಿನ ಪೋಲಿಯೊದಿಂದ ಅವಳ ಎಡಗಾಲಿಗೆ ಬಲವಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗಳಿಗೆ ಬುತ್ತಿ ಮುಟ್ಟಿಸಲು ಅಣ್ಣ ಮಡಿವಾಳಪ್ಪನ ಪುರಸೊತ್ತು ಕಾಯುತ್ತಿದ್ದಳು. ನಾನು ಬಂದ ಮೇಲೆ ಯಾರನ್ನೂ ಕಾಯಲಿಲ್ಲ.

ಒಂದು ಬೇಸಿಗೆಯಲ್ಲಿ ನನಗೆ ಕಾಯಿಲೆ ಹತ್ತಿತು. ಹುಬ್ಬಳ್ಳಿ ದಾರಿಯ ನವಲೂರಿನ ಏರಿನಲ್ಲಿ ಎಂಜಿನ್ ಬೊಬ್ಬಿಡುತ್ತಿತ್ತು, ಚಕ್ರಕ್ಕೆ ಬಲವೇ ಮುಟ್ಟುತ್ತಿರಲಿಲ್ಲ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಧಡಕ್ಕೆಂದು ಜಗ್ಗುತ್ತಿದ್ದೆ. ಒಂದು ದಿನ ಬುತ್ತಿಯ ಸಾರೆಲ್ಲ ಹಿಂದಿನ ಸೀಟಿಗೆ ಚೆಲ್ಲಿತು. ನನಗೆ ನಾಚಿಕೆಯಾಯಿತು.

ಮೆಕ್ಯಾನಿಕ್ ದಸ್ತಗೀರ ಎಂಜಿನ್ ಆರಿಸಿ, ಗೇರ್ ಎಣ್ಣೆಯ ಅಳತೆಕಡ್ಡಿ ಎಳೆದು ನೋಡಿದ. "ಎಣ್ಣಿ ಭರ್ತಿ ಐತಿ ಅಕ್ಕಾರ. ಗೇರ್‌ಬಾಕ್ಸೇ ಹೋಗೇತಿ."

"ಗುಜರಿಗೆ ಹಾಕೂಣು ತಂಗಿ," ಎಂದ ಮಡಿವಾಳಪ್ಪ. "ಬುತ್ತಿ ನಾ ಮುಟ್ಟಸ್ತೀನಿ. ನೀ ಮನ್ಯಾಗ ಕುಂದ್ರು."

ಆ ಕೊನೆಯ ಮಾತು ಅವಳಿಗೆ ನಾಟಿತು. "ಕುಂದ್ರೂದಿಲ್ಲ," ಎಂದು ದಸ್ತಗೀರನ ಕಡೆ ತಿರುಗಿದಳು. "ನಮ್ಮ ಖಾನಾವಳಿ ನೀರಿನ ಟಾಕಿ ಮೋಟರ್ ಬಂದ್ ಇದ್ದಾಗ ತುಂಬಿದ್ಹಂಗ ಕಾಣ್ತೈತಿ. ಚಾಲೂ ಮಾಡಿದ್ರ ನೀರು ಪೈಪಿಗೆ ಏರಿ, ಟಾಕಿ ಇಳೀತೈತಿ. ಇದರ ಗೇರ್‌ಬಾಕ್ಸಿನ್ಯಾಗೂ ಎಣ್ಣಿ ಪಂಪ್ ಐತಿ ಅಂತ ಹಿಂದ ನೀನ ಹೇಳಿದ್ದಿ, ಚಾಲೂ ಇಟ್ಟು ನೋಡು."

"ಎಲ್ಲಾ ಗಾಡಿ ಬಂದ್ ಮಾಡೇ ನೋಡೂದ್ರೀ ಅಕ್ಕಾರ."

"ಇದು ಎಲ್ಲಾ ಗಾಡಿ ಹಂಗಲ್ಲ."

ಹಾಗೆ ಅನ್ನಿಸಿಕೊಂಡು ನಾನು ಉಬ್ಬಿದೆ. ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಎಂಜಿನ್ ನಡೆಯುತ್ತಿರುವಾಗಲೇ ಕಡ್ಡಿ ಎಳೆದರು. ತುದಿಗೂ ಎಣ್ಣೆ ಹತ್ತಿರಲಿಲ್ಲ. ದಸ್ತಗೀರ ನನ್ನ ಕೆಳಗೆ ತೂರಿದ. ಎಣ್ಣೆ ತಣಿಸುವ ಪೈಪು ಸೀಳಿ, ಓಡುವಾಗೆಲ್ಲ ಎಣ್ಣೆ ಸೋರುತ್ತಿತ್ತು. ಅದನ್ನು ಬದಲಿಸಿ, ಕಸ ಕಟ್ಟಿದ್ದ ಫಿಲ್ಟರನ್ನೂ ತೆಗೆದು ಹೊಸದು ಹಾಕಿ, ನನಗೆ ಸಲ್ಲುವ ಕೆಂಪು ಎಣ್ಣೆಯನ್ನೇ ತರಿಸಿ ತುಂಬಿದ. ಕಸ್ತೂರೆವ್ವ ನನ್ನನ್ನು ನೇರವಾಗಿ ನವಲೂರಿನ ಏರಿಗೇ ಒಯ್ದಳು. ಎರಡು, ಮೂರು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಹತ್ತಿದೆ.

ಈಗ ನನಗೆ ಮುಪ್ಪು. ಬಣ್ಣ ಉದುರಿದೆ, ಬಾಗಿಲು ಕಿರುಗುಟ್ಟುತ್ತದೆ. ಬುತ್ತಿ ಮಾತ್ರ ಇವತ್ತಿಗೂ ತಪ್ಪಿಸಿಲ್ಲ. ಈ ವರ್ಷ ಮಡಿವಾಳಪ್ಪ ಬೈಕಿನಿಂದ ಬಿದ್ದು ಎಡಗಾಲು ಮುರಿದುಕೊಂಡ. ಮೂಳೆ ಕೂಡಿತು, ಆದರೆ ಕ್ಲಚ್ ಒತ್ತುವ ಬಲ ಬರಲಿಲ್ಲ. ಒಂದು ಬೆಳಿಗ್ಗೆ ನನ್ನೆದುರು ನಿಂತು, ತಂಗಿಯ ಮುಖ ನೋಡದೆ ಕೇಳಿದ: "ಕೀಲಿ ಕೊಡ್ತೀ ಏನವಾ?"

ಕೊಟ್ಟಳು. ತಾನು ಪಕ್ಕದ ಸೀಟಿನಲ್ಲಿ ಕುಳಿತಳು. ಅವನು ರೂಢಿಯಂತೆ ಎಡಗಾಲು ಚಾಚಿ ಕ್ಲಚ್ ಹುಡುಕಿದ.

"ಅದಕ್ಕ ಇಲ್ಲೆ ಕೆಲಸಿಲ್ಲ ಅಣ್ಣಾ. ಸುಮ್ಮ ಇಡು."

ಗುಜರಿಗೆ ಹಾಕಲು ಹೊರಟಿದ್ದವನನ್ನು ಒಮ್ಮೆ ಜಗ್ಗಿ ಬೆದರಿಸಬಹುದಿತ್ತು. ಮನಸ್ಸು ಬರಲಿಲ್ಲ. ನವಲೂರಿನ ಏರು ಬಂತು. ನಾನು ಜಗ್ಗದೆ ಮೂರನೇ ಗೇರಿನಿಂದ ಎರಡಕ್ಕೆ ಇಳಿದೆ. ಅವನಿಗೆ ಗೊತ್ತೇ ಆಗಲಿಲ್ಲ. ಕಸ್ತೂರೆವ್ವನಿಗೆ ಗೊತ್ತಾಯಿತು. ನನ್ನ ಬಾಗಿಲ ಮೇಲೆ ಮೆಲ್ಲಗೆ ಕೈಯಿಟ್ಟಳು.