ಮೂರನೆಯ ಸರದಿ

"ಸ್ಕೂಲು ಮುಗ್ಸೋಕಾಗ್ದೋನು ನಮ್ಮ ಟೀಮಿಗೆ ಲೆಕ್ಕದ ಮೇಷ್ಟ್ರು! ಟೈರಿಗೆ ಗಾಳಿ ತುಂಬೋದು ಬಿಟ್ಟು ಕೋಚ್ ತಲೆಗೆ ತುಂಬ್ತಾನೆ!"

ಲೈಲ್ ಪ್ರುಯಿಟ್ ಹೀಗಂದಾಗ ಶಾಲೆಯ ಊಟದ ಹಾಲ್‌ನಲ್ಲಿ ನಲವತ್ತು ಜನ ನಕ್ಕರು. ಕಾನ್ಸಸ್‌ನ ಆ ಊರಲ್ಲಿ ಸೋಮವಾರ ಸಂಜೆ ಹುಡುಗರ ಅಪ್ಪಂದಿರು ಸೇರಿ, ಚಿಲ್ಲಿ ಎಂಬ ಖಾರದ ಮಾಂಸದ ಸಾರಿಗೆ ದಾಲ್ಚಿನ್ನಿ ರೋಲ್ ಅದ್ದಿ ತಿನ್ನುತ್ತ, ಶುಕ್ರವಾರದ ಫುಟ್‌ಬಾಲ್ ಆಟದ ಫಿಲ್ಮ್ ನೋಡಿ ಕೋಚ್‌ನನ್ನು ವಿಚಾರಿಸಿಕೊಳ್ಳುವುದು ಹಳೆಯ ಪದ್ಧತಿ. ಲೈಲ್ ಆ ಕೂಟದ ಅಧ್ಯಕ್ಷ.

ಪರದೆಯ ಪಕ್ಕ ರಿಮೋಟ್ ಹಿಡಿದು ನಿಂತಿದ್ದ ಕೋಲ್ಟರ್ ವೀಮ್ಸ್‌ನ ಕಿವಿ ಕೆಂಪಾದವು. ಇಪ್ಪತ್ತನಾಲ್ಕರ ಅವನು ಹಗಲು ಟೈರ್ ಅಂಗಡಿಯಲ್ಲಿ ದುಡಿದು, ಮೂರು ವರ್ಷದಿಂದ ಶಾಲೆಯ ತಂಡದ ಪ್ರತಿ ಆಟದ ಲೆಕ್ಕವನ್ನೂ ಬರೆದಿಟ್ಟಿದ್ದ. ಚೆಂಡನ್ನು ತೋಳಲ್ಲಿ ಅವುಚಿಕೊಂಡು ನುಗ್ಗುವ ಈ ಆಟದಲ್ಲಿ ನಾಲ್ಕು ಸರದಿಗೆ ಹತ್ತು ಗಜ ದಾಟಬೇಕು, ಇಲ್ಲವಾದರೆ ಚೆಂಡು ನಿಂತಲ್ಲೇ ಎದುರಾಳಿಯ ಪಾಲು. ಮೂರರಲ್ಲಿ ಆಗದಿದ್ದರೆ ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವುದು ರೂಢಿ. ಕೋಲ್ಟರ್‌ನ ಲೆಕ್ಕ ಬೇರೆ ಹೇಳುತ್ತಿತ್ತು: ಮೂರು ಗಜದೊಳಗೆ ಉಳಿದಿದ್ದರೆ ಒದೆಯಬೇಡಿ, ನುಗ್ಗಿ. ನೂರಕ್ಕೆ ಅರವತ್ತು ಸಲ ದಾಟುತ್ತೀರಿ. ನಾಲ್ಕೂ ಸರದಿ ನಿಮ್ಮವೇ ಅಂತ ಗೊತ್ತಿದ್ದರೆ, ಮೂರನೆಯದರಲ್ಲಿ ದುರಾಸೆ ಬೇಡ, ಮೂರ್ನಾಲ್ಕು ಗಜ ಕಿತ್ತುಕೊಂಡರೆ ಸಾಕು.

ಕೋಚ್ ಹ್ಯಾಸ್ಕೆಟ್ ಅರ್ಧ ಮಾತ್ರ ಕೇಳಿಸಿಕೊಂಡಿದ್ದ. "ಈ ವರ್ಷ ನಾವು ಒದೆಯಲ್ಲ" ಎಂದು ಊರಿಗೆಲ್ಲ ಸಾರಿದ. ಶುಕ್ರವಾರ ಮೂರನೆಯ ಸರದಿಗೆ ಆರು ಗಜ ಬೇಕಿದ್ದಾಗ ಇಪ್ಪತ್ತು ವರ್ಷದ ಚಾಳಿ ಬಿಡದೆ ಚೆಂಡನ್ನು ದೂರಕ್ಕೆ ಎಸೆಯಿಸಿದ. ಅದು ಯಾರ ಕೈಗೂ ಸಿಗದೆ ನೆಲಕ್ಕೆ ಬಿತ್ತು. ಆರು ಗಜ ಹಾಗೇ ಉಳಿಯಿತು. ಅಲ್ಲಿಂದ ಒದೆಯಬೇಕೆಂದು ಕೋಲ್ಟರ್ ಬರೆದುಕೊಟ್ಟಿದ್ದ ಲೆಕ್ಕದ ಕಾಗದದಲ್ಲೇ ಇತ್ತು. ಆಡಿದ ಮಾತಿನ ಜಂಬಕ್ಕೆ ಕೋಚ್ ನುಗ್ಗಿಸಿದ, ಸೋತ.

"ಹ್ಯಾಸ್ಕೆಟ್, ಮುಂದಿನ ಶುಕ್ರವಾರ ಇವನ ಕಾಗದ ಇರುತ್ತೋ, ನೀನಿರ್ತೀಯೋ?" ಲೈಲ್ ಕೇಳಿದ. "ಇವತ್ತೇ ಹೇಳ್ಬಿಡು ಮಾರಾಯ."

ಕೋಚ್ ಬಟ್ಟಲಲ್ಲಿ ಚಮಚ ಆಡಿಸಿದ. "ನಾನೇನ್ ಮಾಡ್ಲಿ ಲೈಲ್. ಕಾಗದ ಹೇಳ್ತು, ಮಾಡ್ದೆ."

ಕೋಲ್ಟರ್‌ಗೆ ನಗೆಗಿಂತ ಈ ಮಾತು ಸುಟ್ಟಿತು. ಸುಳ್ಳು ಎಂದು ಕೂಗಬಹುದಿತ್ತು. ಆದರೆ ಟೈರ್ ಅಂಗಡಿಯವನ ಬಾಯಿಂದ ಬಂದ ಸತ್ಯಕ್ಕೆ ಈ ಹಾಲ್‌ನಲ್ಲಿ ಬೆಲೆ ಎಷ್ಟು? ಅವರು ಲೆಕ್ಕ ಕೇಳಲು ಬಂದವರಲ್ಲ, ಯಾರನ್ನಾದರೂ ಹೊಣೆ ಮಾಡಲು ಬಂದವರು. ಕಾಗದದಲ್ಲಿ ಏನಿತ್ತೆಂದು ಇವರಲ್ಲಿ ಕೋಚ್‌ಗೆ ಮಾತ್ರ ಗೊತ್ತು. ಅವನು ಹೇಳಿದರೆ ಕಾಗದ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ.

ಅವನು ಫಿಲ್ಮನ್ನು ಹಿಂದಕ್ಕೆ ಓಡಿಸಿದ. ಎಲ್ಲರೂ ಬೈಯುತ್ತಿದ್ದ ನಾಲ್ಕನೆಯ ಸರದಿಯನ್ನು ದಾಟಿಸಿ, ಮೂರನೆಯದರಲ್ಲಿ ನಿಲ್ಲಿಸಿದ. ಪರದೆಯ ಮೇಲೆ ಚೆಂಡು ಗಾಳಿಯಲ್ಲಿ ನಿಂತಿತು. ಕೆಳಗೆ ಹಿಡಿಯುವವರೇ ಇರಲಿಲ್ಲ.

"ಇದ್ಯಾಕೋ ಇಲ್ಲಿ ನಿಲ್ಲಿಸ್ದೆ?" ಯಾರೋ ಕೇಳಿದರು.

ಕೋಚ್‌ನ ಮುಖ ಬಿಳುಚಿತು. ಕೋಲ್ಟರ್ ರಿಮೋಟನ್ನು ಅವನ ಬಟ್ಟಲಿನ ಪಕ್ಕ ಇಟ್ಟ.

"ಏನ್ ಮೇಷ್ಟ್ರೇ, ಬಾಯಿ ಬಿದ್ದೋಯ್ತಾ?" ಲೈಲ್ ಕೂಗಿದ. "ಕೇಳಿದ್ದಕ್ಕೆ ಹೇಳೋ!"

ಕೋಲ್ಟರ್ ಟೋಪಿ ತಲೆಗೇರಿಸಿ, ಬೆಂಚುಗಳ ನಡುವೆ ದಾರಿ ಮಾಡಿಕೊಂಡು, ಯಾರ ಕಡೆಯೂ ತಿರುಗದೆ ಹೊರನಡೆದ.